ತಾಯಿ ಕಾರ್ಡ್ ಮಾಡಿಸಿದ್ದೀರಾ ಎಂದು ಕೇಳುವ ಮಕ್ಕಳು ಬೇಕು

ಊರಿನಲ್ಲಿ ಚೊಚ್ಚಲ ಹೆರಿಗೆ ಎಂದರೆ ತವರಿನ ಜವಾಬ್ದಾರಿ. ಯಾವ ತಿಂಗಳು ಯಾವ ಡಾಕ್ಟರ್, ನೋವು ಬಂದರೆ ಲೇಡಿಗೋಶನ್‌ಗೋ ತಾಲೂಕು ಆಸ್ಪತ್ರೆಗೋ ಎಂಬುದೆಲ್ಲ ಉಮ್ಮನಿಗೆ ಗೊತ್ತಿರುತ್ತದೆ. ಆದರೆ ದುಡಿಮೆಗೆಂದು ಬೆಂಗಳೂರಿಗೆ ಬಂದು ಕೋಣನಕುಂಟೆ, ಇಲಿಯಾಸ್ ನಗರದ ಕಡೆ ಬಾಡಿಗೆ ಮನೆ ಹಿಡಿದವರ ಪಾಡು ಬೇರೆ. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ಗರ್ಭಿಣಿಗೆ ಕೇಳುವವರು, ಹೇಳುವವರು ಯಾರೂ ಇಲ್ಲ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದು ಎಂಬುದನ್ನು 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಕಂಡಿದ್ದೇವೆ. ತಮಿಳುನಾಡು ಮೂಲದ ಒಬ್ಬ ಬಡ ಗರ್ಭಿಣಿಯನ್ನು ನೆರೆಯವರು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಆಧಾರ್, ತಾಯಿ ಕಾರ್ಡ್ ಇಲ್ಲವೆಂದು ವಾಪಸು ಕಳಿಸಿದರೆಂಬ ಆರೋಪ ಬಂತು. ಮರುದಿನ ಮನೆಯಲ್ಲೇ ಹೆರಿಗೆಯಾಗಿ ತಾಯಿ, ಅವಳಿ ಮಕ್ಕಳು ಮೂವರೂ ತೀರಿಕೊಂಡರು. ತುರ್ತಿನಲ್ಲಿ ದಾಖಲೆ ಕೇಳದೆ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೊದಲ ಮೂರು ತಿಂಗಳೊಳಗೆ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸುವುದು ನಮ್ಮ ಕೈಯಲ್ಲೇ ಇರುವ ಕೆಲಸ ಅಲ್ಲವೇ?

ಇಲ್ಲೇ ನಮ್ಮ ಕಾಲೇಜು ಮಕ್ಕಳು ನೆನಪಾಗುವುದು. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದಷ್ಟು ಗಂಟೆ ತಮ್ಮ ಮೊಹಲ್ಲಾದ ತಾಯಂದಿರಿಗೆ ಸಿಗಲಿ. ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯ ಜೊತೆ ಮನೆಗಳಿಗೆ ಹೋಗಿ, ಕನ್ನಡ ಬಾರದವರಿಗೆ ಬ್ಯಾರಿಯಲ್ಲೋ ಉರ್ದುವಿನಲ್ಲೋ ವಿಷಯ ತಿಳಿಸಬಹುದು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಆ ದಿನ ಜೊತೆಗೆ ಹೋಗಿ ಬರಬಹುದು. ಗಂಡುಮಕ್ಕಳು ರಕ್ತದಾನದಲ್ಲಿ ಮೊದಲಿನಿಂದಲೂ ಮುಂದಿದ್ದಾರೆ. ಹೆರಿಗೆಯಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವ. ಹಾಗಾಗಿ ದಿನ ತುಂಬಿದ ಗರ್ಭಿಣಿಯ ರಕ್ತದ ಗುಂಪು ಮೊದಲೇ ತಿಳಿದಿಟ್ಟುಕೊಂಡು ಇಬ್ಬರು ದಾನಿಗಳನ್ನು ಹೇಳಿಟ್ಟರೆ ಅದೇ ದೊಡ್ಡ ಉಪಕಾರ. ಮಾತ್ರೆ, ಚುಚ್ಚುಮದ್ದಿನ ಸಲಹೆ ಮಾತ್ರ ಮಕ್ಕಳ ಕೆಲಸವಲ್ಲ, ಅದು ಡಾಕ್ಟರ್‌ಗೆ ಬಿಟ್ಟದ್ದು.

ಇನ್ನು ಮಕ್ಕಳ ನಡುವಿನ ಅಂತರದ ಮಾತು. ಇದನ್ನು ಎತ್ತಿದ ಕೂಡಲೇ ನಮ್ಮಲ್ಲಿ ಹಲವರು ದೀನಿಗೆ ವಿರುದ್ಧ ಎಂದುಬಿಡುತ್ತಾರೆ. ಪ್ರವಾದಿ(ಸ)ರ ಕಾಲದಲ್ಲಿ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿದ ಹದೀಸ್ ಬುಖಾರಿಯಲ್ಲಿದೆ. ವೈದ್ಯಕೀಯ ಅನಿವಾರ್ಯತೆ ಇಲ್ಲದೆ ಶಾಶ್ವತವಾಗಿ ಗರ್ಭ ನಿಲ್ಲಿಸುವುದನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ. ತಾಯಿಯ ಆರೋಗ್ಯಕ್ಕಾಗಿ ಅಂತರ ಇಡುವುದು ಬೇರೆ ವಿಷಯ. ಕರ್ನಾಟಕದಲ್ಲಿ ಮದುವೆಯಾದ ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಆಪರೇಷನ್ ಮಾಡಿಸಿಕೊಂಡವರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಕಾಪರ್-ಟಿ ಮುಂತಾದ ತಾತ್ಕಾಲಿಕ ದಾರಿಗಳು ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ವಿಧಾನದ ಬಗ್ಗೆ ಸಂಶಯ ಇದ್ದರೆ ಉಸ್ತಾದರಲ್ಲಿ ಕೇಳಿ, ದೇಹಕ್ಕೆ ಒಗ್ಗುತ್ತದೋ ಎಂದು ಡಾಕ್ಟರಲ್ಲಿ ಕೇಳಿ.

ತೀರ್ಮಾನ ಯಾರದ್ದು? ಸೂರ ಅಲ್ ಬಕರದ 233ನೇ ಆಯತ್ ಮಗುವಿಗೆ ಎದೆಹಾಲು ಬಿಡಿಸುವ ವಿಷಯವನ್ನೂ ತಂದೆ ತಾಯಿ ಇಬ್ಬರ ಒಪ್ಪಿಗೆ, ಸಮಾಲೋಚನೆಗೆ ಬಿಟ್ಟಿದೆ. ಹಾಲು ಬಿಡಿಸುವುದಕ್ಕೇ ಹೆಂಡತಿಯ ಮಾತು ಬೇಕೆಂದರೆ, ಇನ್ನೊಂದು ಗರ್ಭ ಹೊರುವ ವಿಷಯದಲ್ಲಿ ಅವಳನ್ನು ಕೇಳದೆ ತೀರ್ಮಾನಿಸುವುದು ಹೇಗೆ ಸರಿಯಾಗುತ್ತದೆ? ಗಂಡಸರು ಇದನ್ನು ಯೋಚಿಸಬೇಕು.

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಜುಮಾ ನಂತರ ಎರಡು ನಿಮಿಷ ಇಟ್ಟು ತಾಯಿ ಕಾರ್ಡ್, 9ನೇ ತಾರೀಕಿನ ತಪಾಸಣೆ, 108 ಆಂಬುಲೆನ್ಸ್ ಬಗ್ಗೆ ತಿಳಿಸಿ. ಮೊಹಲ್ಲಾದ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಿ. ಸೇವೆಗೆ ಹೊರಟ ಮಕ್ಕಳನ್ನು ತಂದೆ ತಾಯಂದಿರು ತಡೆಯದೆ ಕಳಿಸಿಕೊಡಲಿ. ಒಂದು ಜೀವ ಉಳಿಸಿದವನಿಗೆ ಇಡೀ ಮಾನವಕುಲವನ್ನೇ ಉಳಿಸಿದ ಪುಣ್ಯ ಎಂದು ಮದ್ರಸದಲ್ಲಿ ಕಲಿತ ಮಕ್ಕಳೇ ಅವರು.