ಹರಳೆಣ್ಣೆಯಿಂದ ನೈಲಾನ್

ಲಾರಿಗಳ ಏರ್‌ಬ್ರೇಕಿಗೆ ಗಾಳಿ ಒಯ್ಯುವ ತೆಳ್ಳನೆಯ ಕೊಳವೆಗಳು ಬಿಸಿಲು, ಕೆಸರು, ಗ್ರೀಸು, ಎಂಜಿನ್ನಿನ ಅದುರಾಟ ಎಲ್ಲವನ್ನೂ ವರ್ಷಗಟ್ಟಲೆ ತಾಳಿಕೊಳ್ಳಬೇಕು. ಈ ಕೆಲಸಕ್ಕೆ ಬಹುಕಾಲದಿಂದ ಹೆಸರಾದ ಪ್ಲಾಸ್ಟಿಕ್ಕು ನೈಲಾನ್ 11. ಅದು ಹುಟ್ಟುವುದು ಪೆಟ್ರೋಲಿಯಂನಿಂದಲ್ಲ, ಹರಳೆಣ್ಣೆಯಿಂದ. ಕೂಸಿನ ನೆತ್ತಿಗೆ ತಟ್ಟುವ, ಹೊಟ್ಟೆ ಕಟ್ಟಿದರೆ ಕುಡಿಸುವ ಅದೇ ಎಣ್ಣೆ. ಉತ್ತರ ಕರ್ನಾಟಕದವರ ಔಡಲೆಣ್ಣೆ.

ಅಡುಗೆಮನೆಯಲ್ಲಿ ಶೇಂಗಾ, ಸೂರ್ಯಕಾಂತಿ ಎಣ್ಣೆಗಳಿರುವಾಗ ಹರಳೇ ಏಕೆ? ಪ್ಲಾಸ್ಟಿಕ್ ಎಂದರೆ ಪುಟ್ಟ ಅಣುಗಳು ಕೈಕೈ ಹಿಡಿದು ನಿಂತ ಉದ್ದನೆಯ ಸಾಲು. ಸಾಲು ಬೆಳೆಯಬೇಕಾದರೆ ಪ್ರತಿ ಅಣುವಿಗೂ ಎರಡು ಕೈ ಬೇಕು. ಸಾಮಾನ್ಯ ಕೊಬ್ಬಿನಾಮ್ಲಕ್ಕೆ ಇರುವುದು ಒಂದೇ: ಒಂದು ತುದಿಯಲ್ಲಿ ಆಮ್ಲದ ಗುಂಪು, ಉಳಿದದ್ದು ಬರಿಯ ಇಂಗಾಲದ ಬಾಲ. ಹರಳೆಣ್ಣೆಯಲ್ಲಿ ಸುಮಾರು ಶೇ 85–90ರಷ್ಟಿರುವ ರಿಸಿನೋಲಿಯಿಕ್ ಆಮ್ಲದ ಕತೆ ಬೇರೆ. ಅದರ 18 ಇಂಗಾಲಗಳ ಪೈಕಿ 12ನೆಯದರ ಮೇಲೆ ಆಮ್ಲಜನಕ–ಜಲಜನಕದ ಜೋಡಿಯೊಂದು ಕೂತಿದೆ. 9 ಮತ್ತು 10ರ ನಡುವೆ ದ್ವಿಬಂಧವಿದೆ. ಹರಳೆಣ್ಣೆ ಅಷ್ಟೊಂದು ಮಂದವಾಗಿ, ಜಿಗುಟಾಗಿರುವುದಕ್ಕೂ 12ನೆಯ ಇಂಗಾಲದ ಮೇಲಿನ ಆ ಜೋಡಿಯೇ ಕಾರಣ.

ಎಣ್ಣೆಯನ್ನು ಮೊದಲು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿ ಗ್ಲಿಸರಿನ್ ಬೇರ್ಪಡಿಸುತ್ತಾರೆ. ಉಳಿದದ್ದನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅಣು ಸಿಕ್ಕಸಿಕ್ಕಲ್ಲಿ ಒಡೆಯುವುದಿಲ್ಲ, 11 ಮತ್ತು 12ನೆಯ ಇಂಗಾಲಗಳ ನಡುವೆ ಕಡಿಯುತ್ತದೆ. ಏಳು ಇಂಗಾಲಗಳ ತುಂಡು ಹೆಪ್ಟಾಲ್ಡಿಹೈಡ್. ಅದು ಸುಗಂಧದ್ರವ್ಯದವರ ಪಾಲಾಗುತ್ತದೆ. ನಮಗೆ ಬೇಕಾದದ್ದು ಹನ್ನೊಂದು ಇಂಗಾಲಗಳ ತುಂಡು. ಕಡಿತದಲ್ಲಿ ಅದರ ದ್ವಿಬಂಧ ತುದಿಗೆ ಸರಿದಿರುತ್ತದೆ. ಆ ತುದಿಗೆ ಬ್ರೋಮಿನ್ ಕೂರಿಸಿ, ಆಮೇಲೆ ಅಮೋನಿಯಾ ಹಾಯಿಸಿ ಬ್ರೋಮಿನ್ನನ್ನು ಎಬ್ಬಿಸಿದರೆ ಅಲ್ಲಿ ಅಮೈನ್ ಗುಂಪು ನೆಲೆಸುತ್ತದೆ. ಈಗ ಒಂದು ಕಡೆ ಆಮ್ಲ, ಇನ್ನೊಂದು ಕಡೆ ಅಮೈನ್. ಇನ್ನಷ್ಟು ಕಾಯಿಸಿದರೆ ನೀರು ಆವಿಯಾಗಿ ಹೋಗಿ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದೇ ನೈಲಾನ್ 11.

ಇದು ಇಂದಿನ ಪರಿಸರ ಕಾಳಜಿಯ ಕೂಸಲ್ಲ. ಫ್ರಾನ್ಸಿನ ರಸಾಯನತಜ್ಞರು 1940ರ ದಶಕದಲ್ಲೇ ಇದನ್ನು ರೂಪಿಸಿದ್ದರು. 1950ರ ದಶಕದಲ್ಲಿ ಮಾರ್ಸೇ ನಗರದಲ್ಲಿ ಕಾರ್ಖಾನೆ ಎದ್ದಿತು. ಅದು ಉಳಿದುಕೊಂಡದ್ದು ಗುಣದ ಬಲದಿಂದ. ಸಾಮಾನ್ಯ ನೈಲಾನ್ 6 ನೀರು ಹೀರಿ ಉಬ್ಬುತ್ತದೆ. ನೈಲಾನ್ 11ರಲ್ಲಿ ನೀರನ್ನು ಸೆಳೆಯುವ ಗುಂಪುಗಳು ದೂರದೂರ ಇರುವುದರಿಂದ ಆ ಕಾಟ ತೀರ ಕಡಿಮೆ.

ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವುದು ಭಾರತ, ಅದರಲ್ಲೂ ಗುಜರಾತ್. ಎಣ್ಣೆಯ ಬಹುಪಾಲು ಹಡಗು ಹತ್ತುತ್ತದೆ. ನೈಲಾನ್ 11ರ ಹೆಸರಾಂತ ಕಾರ್ಖಾನೆಗಳಿರುವುದು ಫ್ರಾನ್ಸ್, ಸಿಂಗಾಪುರಗಳಲ್ಲಿ. ಬೆಳೆ ನಮ್ಮದು, ಲಾಭದ ಕೊನೆಯ ಮೆಟ್ಟಿಲು ಬೇರೆಯವರದು ಎಂಬ ಹಳೆಯ ಕತೆ ಇಲ್ಲೂ ಇದೆ. ಇನ್ನು, ಹರಳೆಣ್ಣೆ ಅಡುಗೆಯದಲ್ಲವಾದ್ದರಿಂದ ತಟ್ಟೆಯ ಅನ್ನಕ್ಕೆ ನೇರ ಪೈಪೋಟಿಯಿಲ್ಲ. ಬೀಜದ ರಿಸಿನ್ ವಿಷ ಎಣ್ಣೆಗೆ ಬರದೆ ಹಿಂಡಿಯಲ್ಲೇ ಉಳಿಯುತ್ತದೆ. ಹರಳು ಹಿಂಡಿ ದನಕ್ಕಲ್ಲದೆ ಹೊಲಕ್ಕೆ ಹೋಗುವುದು ಅದಕ್ಕೇ.

ಗಿಡದಿಂದ ಬಂದದ್ದು ಮಣ್ಣಲ್ಲಿ ಕರಗುತ್ತದೆ ಎಂದು ನಂಬುವವರು ಬಹಳ. ನೈಲಾನ್ 11 ಹಾಗೆ ಕರಗುವುದಿಲ್ಲ. ಕರಗಬಾರದು ಎಂದೇ ಅದನ್ನು ಬ್ರೇಕಿನ ಕೊಳವೆಗೆ, ಗ್ಯಾಸ್ ಪೈಪಿಗೆ ಬಳಸುವುದು. ಮಣ್ಣಲ್ಲಿ ಕರಗುವ ಜೈವಿಕ ಪ್ಲಾಸ್ಟಿಕ್ಕೂ ಇದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ಯ್ 1926ರಲ್ಲಿ ವಿವರಿಸಿದಂತೆ, ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಒಡಲಲ್ಲೇ ಅಂಥ ಪ್ಲಾಸ್ಟಿಕ್ಕನ್ನು ಕೂಡಿಡುತ್ತವೆ. ಅಂಥವುಗಳಿಗೆ ಇಂದು ತಾಳೆ ಎಣ್ಣೆ ಉಣಿಸಿ ಪ್ಲಾಸ್ಟಿಕ್ ಪಡೆಯುತ್ತಿದ್ದಾರೆ. ಬೆಲೆ ಮಾತ್ರ ಇನ್ನೂ ದುಬಾರಿ.

ಆದ್ದರಿಂದ ಅಂಗಡಿಯ ಚೀಲದ ಮೇಲೆ ‘ಸಸ್ಯಮೂಲ’ ಎಂದು ಬರೆದಿದ್ದರೆ ಅಲ್ಲಿಗೇ ಸಮಾಧಾನಪಡಬೇಡಿ. ಅದು ಎಲ್ಲಿ ಕೊಳೆಯುತ್ತದೆ, ಎಷ್ಟು ದಿನಕ್ಕೆ ಕೊಳೆಯುತ್ತದೆ ಎಂಬುದನ್ನೂ ಕೇಳಿ.