ಕಣಗಿಲೆ ಬೇಲಿ: ಮನೆಗೆ ಮರೆ, ಆಡಿಗೆ ವಿಷ

ಕರಾವಳಿ ಬಿಟ್ಟು ಬಂದು ಬೆಂಗಳೂರಿನಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಅನೇಕರು ಈಗ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಗೆ ಸೈಟು ಹುಡುಕುತ್ತಿದ್ದಾರೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲಗಳೆಲ್ಲ ಲೇಔಟುಗಳಾಗಿವೆ. ಸಾಲವೋ ಸೋಲವೋ, ಹೇಗೋ ಮನೆ ಎದ್ದು ನಿಲ್ಲುತ್ತದೆ. ಒಕ್ಕಲು ಬಂದ ಮರುದಿನವೇ ಮನೆಯ ಹೆಂಗಸರು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಮರೆ ಎಲ್ಲುಂಟು?"

ಊರಿನಲ್ಲಿ ಈ ಪ್ರಶ್ನೆ ಬರುತ್ತಿರಲಿಲ್ಲ. ತೆಂಗು, ಕಂಗು, ಬಾಳೆ, ಹಲಸು ಸೇರಿ ಮನೆಯನ್ನು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇಲ್ಲಿ ಬಯಲು. ಕಾಂಪೌಂಡ್ ಎಷ್ಟು ಎತ್ತರಿಸಿದರೂ ಪಕ್ಕದ ಮನೆಯ ಎರಡನೇ ಮಹಡಿಯಿಂದ ನಮ್ಮ ಹಿತ್ತಿಲು ಪೂರ್ತಿ ಕಾಣುತ್ತದೆ. ಬಟ್ಟೆ ಒಣಗಿಸುವುದಕ್ಕೂ, ಸಂಜೆ ಮಕ್ಕಳೊಂದಿಗೆ ಅಂಗಳದಲ್ಲಿ ಕೂರುವುದಕ್ಕೂ ಮುಜುಗರ. ಇನ್ನೊಬ್ಬರ ಮನೆಯೊಳಗೆ ಕಣ್ಣು ಹಾಯಿಸಬಾರದು, ಅನುಮತಿ ಕೇಳಿಯೇ ಒಳಗೆ ಬರಬೇಕು ಎಂದು ನಮ್ಮ ದೀನ್ ಕಲಿಸಿದೆ. ಹಾಗಾಗಿ ಮನೆಗೊಂದು ಮರೆ ಬೇಕು ಅನ್ನುವುದು ಬರೀ ಶೋಕಿಯ ಮಾತಲ್ಲ.

ನರ್ಸರಿಗೆ ಹೋಗಿ ಕೇಳಿದರೆ ಮೊದಲು ತೋರಿಸುವ ಗಿಡಗಳಲ್ಲಿ ಕಣಗಿಲೆಯೂ ಒಂದು. ಈ ಕಡೆಯವರು ಗಣಗಲೆ ಅಂತಲೂ ಕರೆಯುತ್ತಾರೆ. ಮಲಯಾಳದಲ್ಲಿ ಅರಳಿ, ಅರಬಿಯಲ್ಲಿ ದಿಫ್ಲಾ. ಗಲ್ಫಿನಲ್ಲಿ ಇದ್ದು ಬಂದವರಿಗೆ ಇದು ಗುರುತಿನ ಗಿಡವೇ. ಸುಡುವ ಬಿಸಿಲಲ್ಲೂ ವಿಲ್ಲಾಗಳ ಗೋಡೆಗುಂಟ ಬಿಳಿ, ಗುಲಾಬಿ, ಕೆಂಪು ಹೂ ಹೊತ್ತು ನಿಲ್ಲುವುದು ಇದೇ. "ಅಲ್ಲಿನ ಮರುಭೂಮಿಯಲ್ಲೇ ಬೆಳೆಯುತ್ತದೆ, ಇಲ್ಲಿ ಬೆಳೆಯದಾ?" ಎಂದು ಕೇಳುವವರಿದ್ದಾರೆ. ಬೆಳೆಯುತ್ತದೆ, ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ನೆಡುವ ಮೊದಲು ಅದರ ಗುಣದ ಜೊತೆ ಅವಗುಣವನ್ನೂ ತಿಳಿದುಕೊಳ್ಳಬೇಕು.

ಇಲ್ಲಿಗೆ ಏಕೆ ಒಗ್ಗುತ್ತದೆ?

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರು ಗ್ರಾಮಾಂತರದಲ್ಲಿ ಬೀಳುವುದು ಸುಮಾರು 800 ಮಿಲಿಮೀಟರ್. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆ ಹರಿಯಬೇಕಾದ ಅರ್ಕಾವತಿ ವರ್ಷದ ಹೆಚ್ಚು ಕಾಲ ಒಣಗಿಯೇ ಇರುತ್ತದೆ. ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರು ಸಿಗುವ ಭರವಸೆ ಇಲ್ಲ. ಟ್ಯಾಂಕರ್ ನೀರು ಕೊಂಡು ಬಾಳೆ ಬೆಳೆಸುವುದು ಯಾರಿಗೂ ಗಿಟ್ಟುವ ಮಾತಲ್ಲ.

ಕಣಗಿಲೆ ಬೇರೂರಿದ ಮೇಲೆ ಹೆಚ್ಚು ನೀರು ಕೇಳುವುದಿಲ್ಲ. ಎಲೆ ಉದುರಿಸಿ ಬೋಳಾಗುವುದಿಲ್ಲ, ಹಾಗಾಗಿ ವರ್ಷವಿಡೀ ಮರೆ ಇರುತ್ತದೆ. ಬುಡದಿಂದಲೇ ಹಲವು ಕೊಂಬೆ ಒಡೆದು ಹತ್ತು ಹನ್ನೆರಡು ಅಡಿ ಏರುತ್ತದೆ. ಧೂಳು, ವಾಹನದ ಹೊಗೆ ತಡೆಯುತ್ತದೆ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಇದನ್ನು ಸಾಲಾಗಿ ನೆಡುವುದು ಈ ಕಾರಣಕ್ಕೇ. ಎದುರಿನ ಗಾಡಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆಯದಂತೆಯೂ ಅದು ತಡೆಯುತ್ತದೆ. 1945ರಲ್ಲಿ ಅಣುಬಾಂಬ್ ಬಿದ್ದ ಜಪಾನಿನ ಹಿರೋಶಿಮಾದಲ್ಲಿ ಮತ್ತೆ ಬೇಗ ಹೂ ಬಿಟ್ಟ ಗಿಡಗಳಲ್ಲಿ ಇದೂ ಒಂದು ಎಂದು ಆ ನಗರ ಕಣಗಿಲೆಯನ್ನೇ ತನ್ನ ಹೂವಾಗಿ ಆರಿಸಿಕೊಂಡಿದೆ. ಅಷ್ಟು ಗಟ್ಟಿ ಜೀವ ಇದರದ್ದು.

ಆಡು ಯಾಕೆ ಮುಟ್ಟುವುದಿಲ್ಲ?

"ದನ ಆಡು ಬಾಯಿ ಹಾಕಲ್ಲ ಸಾರ್" ಎಂದು ನರ್ಸರಿಯವರು ಹೊಗಳುತ್ತಾರೆ. ಸುಳ್ಳಲ್ಲ. ಆದರೆ ಬಾಯಿ ಹಾಕದಿರುವುದು ಅದು ವಿಷವಾದ್ದರಿಂದ. ಎಲೆ, ಹೂ, ಕಾಂಡ, ಬೇರು, ಬೀಜ, ಎಲ್ಲದರಲ್ಲೂ ಒಲಿಯಾಂಡ್ರಿನ್ ಎಂಬ ವಿಷವಿದೆ. ಅದು ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಂದು ಹಿಡಿ ಎಲೆ ಹೊಟ್ಟೆಗೆ ಹೋದರೆ ಆಡು ಕುರಿ ಉಳಿಯುವುದು ಕಷ್ಟ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಬೇಲಿಯಲ್ಲಿ ಹಸಿರಾಗಿ ನಿಂತ ಕಣಗಿಲೆಗಿಂತ ಕತ್ತರಿಸಿ ಎಸೆದ ಕಣಗಿಲೆಯ ಅಪಾಯವೇ ಹೆಚ್ಚು. ಹಸಿ ಎಲೆ ಕಹಿ, ಪ್ರಾಣಿ ಮೂಸಿ ಬಿಟ್ಟುಬಿಡುತ್ತದೆ. ಬಾಡಿದ ಎಲೆಯಲ್ಲಿ ಕಹಿ ಕಡಿಮೆ, ವಿಷ ಮಾತ್ರ ಹಾಗೇ ಇರುತ್ತದೆ. ಒಣ ಹುಲ್ಲಿನ ಜೊತೆ ಬೆರೆತರೆ ಗೊತ್ತಾಗದೆ ತಿಂದುಬಿಡುತ್ತದೆ. ನಮ್ಮ ಲೇಔಟುಗಳಲ್ಲಿ ಏನಾಗುತ್ತದೆ? ಮಾಲಿ ಬಂದು ಬೇಲಿ ಕತ್ತರಿಸಿ, ಆ ರಾಶಿಯನ್ನು ಪಕ್ಕದ ಖಾಲಿ ಸೈಟಿಗೆ ಎಸೆದು ಹೋಗುತ್ತಾನೆ. ಅದೇ ಸೈಟಿನಲ್ಲಿ ಹತ್ತಿರದ ಹಳ್ಳಿಯವರ ಹಸು, ಮೇಕೆ ಮೇಯುತ್ತವೆ. ಡೈರಿಗೆ ಹಾಲು ಹಾಕಿ ಬದುಕುವ ಮನೆಗೆ ಒಂದು ಹಸು ಅಂದರೆ ಇಡೀ ಸಂಸಾರದ ಆಧಾರ. ನಮ್ಮ ಮರೆಗಾಗಿ ನೆರೆಯವನ ಕೊಟ್ಟಿಗೆ ಬರಿದಾಗಬಾರದು. ಯಾರಿಗೂ ಹಾನಿ ಮಾಡಬಾರದು ಎಂಬುದು ಫಿಕ್ಹ್‌ನ ಮೂಲ ನಿಯಮಗಳಲ್ಲೊಂದು. ನೆರೆಯವನ ಹಕ್ಕು ಎಷ್ಟು ದೊಡ್ಡದು ಎಂದು ಮದ್ರಸದ ಮಕ್ಕಳಿಗೂ ಗೊತ್ತು.

ನಮ್ಮ ಮನೆಗಳಿಗೂ ಇದು ಹತ್ತಿರದ ವಿಷಯವೇ. ಬಕ್ರೀದ್‌ಗೆ ಮುಂಚೆ ಆಡು ತಂದು ಅಂಗಳದಲ್ಲಿ ಕಟ್ಟುತ್ತೇವೆ. ಮಕ್ಕಳು ಪ್ರೀತಿಯಿಂದ ಕೈಗೆ ಸಿಕ್ಕಿದ ಸೊಪ್ಪನ್ನೆಲ್ಲ ಮುರಿದು ತಿನ್ನಿಸುತ್ತವೆ. ಆ ಸೊಪ್ಪು ಯಾವುದು ಎಂದು ಮಗುವಿಗೆ ತಿಳಿಯುವುದಿಲ್ಲ.

ಬೇರೆಯವರು ಏನು ಮಾಡಿದರು?

ಕೇರಳದಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ತಮ್ಮ ದೇವಸ್ಥಾನಗಳ ನೈವೇದ್ಯ, ಪ್ರಸಾದದಲ್ಲಿ ಅರಳಿ ಹೂ ಬಳಸುವುದನ್ನು ನಿಲ್ಲಿಸಿದವು. ಅದೇ ವರ್ಷ ಅಬುಧಾಬಿಯ ಕೃಷಿ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರ ಆ ಎಮಿರೇಟಿನಲ್ಲಿ ಕಣಗಿಲೆ ಬೆಳೆಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಯಾವ ಗಲ್ಫಿನ ತೋಟ ನೋಡಿ ನಾವು ಆಸೆಪಟ್ಟೆವೋ, ಅಲ್ಲಿಯೇ ಒಂದು ಕಡೆ ಅದು ಬೇಡ ಎಂದಾಗಿದೆ. ನಮ್ಮಲ್ಲಿ ಅಂಥ ನಿಷೇಧ ಇಲ್ಲ. ಹಾಗಾಗಿ ನಮ್ಮ ಅಂಗಳದ ಮಟ್ಟಿಗೆ ನಾವೇ ಯೋಚಿಸಿ ತೀರ್ಮಾನಿಸಬೇಕು.

ಈಗಾಗಲೇ ನೆಟ್ಟಿದ್ದರೆ

ಬೆಳೆದ ಬೇಲಿಯನ್ನು ಹೆದರಿ ಕಿತ್ತೇ ಹಾಕಬೇಕು ಎಂದು ನಾವು ಹೇಳುವುದಿಲ್ಲ. ದೊಡ್ಡವರೇ ಇರುವ, ಆಡು ದನ ಇಲ್ಲದ ಮನೆಯಲ್ಲಿ ಜಾಗ್ರತೆಯಿಂದ ಇಟ್ಟುಕೊಳ್ಳಬಹುದು.

ಗೋಡೆಯಿಂದ ಮೂರು ಅಡಿ ಬಿಟ್ಟು, ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಅಂತರವಿರಲಿ. ಪೂರ್ತಿ ಬಿಸಿಲು ಬೇಕು, ನೆರಳಲ್ಲಿ ಉದ್ದುದ್ದ ಬೆಳೆದು ಬುಡ ಬೋಳಾಗುತ್ತದೆ. ಸಂಪು, ಬಾವಿಯ ಪಕ್ಕ ಮಾತ್ರ ಬೇಡವೇ ಬೇಡ, ಎಲೆ ಬಿದ್ದು ನೆನೆದ ನೀರೂ ವಿಷವೇ. ಕೊಂಬೆ ನೆರೆಯವರ ಕಡೆ ಬಾಗದಂತೆ ನೋಡಿಕೊಳ್ಳಿ. ಹೂ ಮುಗಿದ ಮೇಲೆ ಮೂರನೇ ಒಂದು ಭಾಗದಷ್ಟು ಕತ್ತರಿಸಿದರೆ ಹೊಸ ಚಿಗುರು ಬಂದು ಮರೆ ದಟ್ಟವಾಗುತ್ತದೆ. ಕತ್ತರಿಸುವಾಗ ಕೈಗವಸು ಹಾಕಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ರಸ ಕಣ್ಣಿಗೆ ತಾಗಬಾರದು.

ಕತ್ತರಿಸಿದ್ದನ್ನು ಒಂದೂ ಬಿಡದೆ ಗುಡ್ಡೆ ಹಾಕಿ ಸ್ವಂತ ಜಾಗದಲ್ಲೇ ಎರಡು ಅಡಿ ಗುಂಡಿ ತೋಡಿ ಮುಚ್ಚಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ಇದರ ಕಡ್ಡಿಯಲ್ಲಿ ಮಾಂಸ ಚುಚ್ಚಿ ಸುಡುವುದು, ಒಲೆಗೆ ಇಡುವುದು ಎಂದಿಗೂ ಬೇಡ. ಹೂ ಕೇಳಿ ಬರುವ ನೆರೆಮನೆಯವರಿಗೆ ಸಂತೋಷದಿಂದ ಕೊಡಿ, ತಿನ್ನುವ ಪದಾರ್ಥಕ್ಕೆ ಸೋಕಿಸಬೇಡಿ ಎಂದೂ ಹೇಳಿ. ಕಾಯಿ ಬಿಡುವ ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಅಪಾಯಕಾರಿ. ಮಕ್ಕಳು ಆಟಕ್ಕೆ ಆಯ್ದುಕೊಳ್ಳುವುದು ಅದನ್ನೇ.

ಮಗು ಎಲೆಯೋ ಹೂವೋ ಅಗಿದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಬರುವವರೆಗೆ ಕಾಯಬೇಡಿ. ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ರೆಂಬೆಯನ್ನೂ ಜೊತೆಗೆ ಒಯ್ದು ತೋರಿಸಿ, ಡಾಕ್ಟರಿಗೆ ಗಿಡ ಗುರುತಿಸಲು ಸುಲಭ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮನೆಮದ್ದು, ಇವೆಲ್ಲ ಬೇಡ. ಪ್ರಾಣಿಗಳಿಗೆ 1962ಕ್ಕೆ ಕರೆ ಮಾಡಿದರೆ ಪಶು ಆಂಬ್ಯುಲೆನ್ಸ್ ಬರುತ್ತದೆ.

ಇನ್ನು ನೆಡುವವರಿಗೆ

ಸಣ್ಣ ಮಕ್ಕಳಿರುವ, ಆಡು ಕಟ್ಟುವ ಮನೆಯವರಿಗೆ ನಾವು ಹೇಳುವುದು ಮೈಲಾಂಜಿಯನ್ನು. ಕನ್ನಡದ ಮದರಂಗಿ, ಈ ಕಡೆಯ ಗೋರಂಟಿ. ಇದೂ ಒಣನಾಡಿನದ್ದೇ ಗಿಡ, ಬಿಸಿಲಿಗೆ ಹೆದರುವುದಿಲ್ಲ. ಬೇಲಿಗಾಗಿಯೇ ಹಿಂದಿನಿಂದ ನೆಟ್ಟುಕೊಂಡು ಬಂದದ್ದು. ಮಳೆಗಾಲದ ಶುರುವಿನಲ್ಲಿ ಗೇಣುದ್ದ ಕಡ್ಡಿ ಊರಿದರೆ ಚಿಗುರುತ್ತದೆ. ಎರಡು ಅಡಿಗೊಂದರಂತೆ ನೆಟ್ಟು, ಮೊದಲ ವರ್ಷ ವಾರಕ್ಕೆರಡು ಸಲ ನೀರು ಕೊಟ್ಟರೆ ಸಾಕು. ಪಾತ್ರೆ ತೊಳೆದ ನೀರೂ ಆಗುತ್ತದೆ. ಆಗಾಗ ತುದಿ ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಹೂವಿಗೆ ಒಳ್ಳೆಯ ಪರಿಮಳ.

ಅದರಲ್ಲೂ ಕೊರತೆ ಇಲ್ಲವೆಂದಲ್ಲ. ಕಣಗಿಲೆಯಷ್ಟು ಬಣ್ಣ ಇಲ್ಲ, ಕಡು ಬೇಸಿಗೆಯಲ್ಲಿ ಎಲೆ ಸ್ವಲ್ಪ ತೆಳುವಾಗುತ್ತದೆ, ಹಳೆಯ ಗಿಡದಲ್ಲಿ ಮುಳ್ಳೂ ಬರುತ್ತದೆ. ನಡುನಡುವೆ ದಾಸವಾಳ, ದಾಳಿಂಬೆ, ಕರಿಬೇವು ಸೇರಿಸಿದರೆ ಬೇಲಿ ತುಂಬಿಕೊಳ್ಳುತ್ತದೆ, ಅಡುಗೆಮನೆಗೂ ನಾಲ್ಕು ಎಲೆ ಸಿಗುತ್ತದೆ. ಮೈಲಾಂಜಿ ಕತ್ತರಿಸಿದ್ದನ್ನು ಹೊತ್ತುಹಾಕುವ ಚಿಂತೆಯೂ ಇಲ್ಲ. ಪೆರ್ನಾಳ್ ಬಂತೆಂದರೆ, ಮದುವೆ ಬಂತೆಂದರೆ, ಓಣಿಯ ಹೆಣ್ಣುಮಕ್ಕಳೇ ಬಂದು ಕೊಯ್ದುಕೊಂಡು ಹೋಗುತ್ತಾರೆ.