ಚಂಡಮಾರುತಕ್ಕೆ ಮುನ್ನ

ಸೆಪ್ಟೆಂಬರ್ ತಿಂಗಳ ಒಂದು ಬೆಳಗು. ಕೆರಿಬಿಯನ್ ಸಮುದ್ರದ ದ್ವೀಪವೊಂದರ ಕೊಲ್ಲಿಯನ್ನು ಕಲ್ಪಿಸಿಕೊಳ್ಳಿ. ಆಕಾಶ ನಿರ್ಮಲವಾಗಿದೆ. ನೀರು ಕನ್ನಡಿಯಂತೆ ನಿಶ್ಚಲವಾಗಿದೆ. ತೆಂಗಿನ ಗರಿಗಳು ಅಲುಗಾಡುತ್ತಿಲ್ಲ. ಆದರೆ ಕೊಲ್ಲಿಯಲ್ಲಿ ನಿಂತಿರುವ ಹಾಯಿದೋಣಿಗಳ ಮೇಲೆ ಜನರು ಬಿಡುವಿಲ್ಲದೆ ದುಡಿಯುತ್ತಿದ್ದಾರೆ. ಒಬ್ಬನು ಹಾಯಿಯನ್ನು ಬಿಚ್ಚಿ ಮಡಿಸುತ್ತಿದ್ದಾನೆ. ಮತ್ತೊಬ್ಬನು ಲಂಗರಿನ ಹಗ್ಗವನ್ನು ಮಾರುಮಾರಾಗಿ ಅಳೆಯುತ್ತಿದ್ದಾನೆ. ಇನ್ನೊಬ್ಬಳು ಕಿಂಡಿಗಳನ್ನು ಮುಚ್ಚಿ ಭದ್ರಪಡಿಸುತ್ತಿದ್ದಾಳೆ. ಗಾಳಿಯೇ ಬೀಸದಿರುವಾಗ ಈ ಗಡಿಬಿಡಿ ಏಕೆ? ಸಾವಿರಾರು ಕಿಲೋಮೀಟರ್ ದೂರದಲ್ಲಿ ಚಂಡಮಾರುತವೊಂದು ಹುಟ್ಟಿ ಈ ಕಡೆಗೆ ಸಾಗಿ ಬರುತ್ತಿದೆಯೆಂಬ ಸುದ್ದಿ ಅವರಿಗೆ ತಲುಪಿದೆ. ಇನ್ನು ನಾಲ್ಕೈದು ದಿನಗಳಲ್ಲಿ ಈ ಶಾಂತವಾದ ಕೊಲ್ಲಿಯ ಸ್ವರೂಪವೇ ಬದಲಾಗಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದು ವ್ಯರ್ಥವೆಂದು ನಮ್ಮ ಹಿರಿಯರು ಹೇಳಿದ್ದಾರಷ್ಟೆ. ಕಡಲಿಗರ ಬಾಳಿನಲ್ಲಿ ಆ ಮಾತು ಎಷ್ಟು ಸತ್ಯವೆಂಬುದನ್ನು ಈ ದೋಣಿಗಳ ಸಿದ್ಧತೆಯಿಂದ ತಿಳಿಯಬಹುದು.

ಅಟ್ಲಾಂಟಿಕ್ ಸಾಗರದಲ್ಲಿ ಏಳುವ ಈ ಬಿರುಗಾಳಿಗೆ 'ಹರಿಕೇನ್' ಎಂದು ಹೆಸರು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಈ ಪದ ಸ್ಪ್ಯಾನಿಷ್ ಭಾಷೆಗೂ ಅಲ್ಲಿಂದ ಇಂಗ್ಲಿಷಿಗೂ ಬಂದಿತು. ಇದೇ ಬಗೆಯ ಮಾರುತವನ್ನು ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ 'ಟೈಫೂನ್' ಎಂದೂ ನಮ್ಮ ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳಲ್ಲಿ 'ಸೈಕ್ಲೋನ್' ಎಂದೂ ಕರೆಯುತ್ತಾರೆ. ಸೈಕ್ಲೋನ್ ಎಂಬ ಪದ ಹುಟ್ಟಿದ್ದು ಭಾರತದಲ್ಲಿಯೇ ಎಂಬುದು ಕುತೂಹಲಕರವಾದ ಸಂಗತಿ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ, ಸುರುಳಿ ಸುತ್ತಿದ ಹಾವನ್ನು ನೆನಪಿಗೆ ತರುವ ಗ್ರೀಕ್ ಪದವೊಂದರಿಂದ ಈ ಹೆಸರನ್ನು ರೂಪಿಸಿದನು. ಹೆಸರು ಯಾವುದಾದರೂ ಸ್ವಭಾವ ಒಂದೇ. ಬೆಚ್ಚನೆಯ ಕಡಲಿನಿಂದ ಮೇಲೇರುವ ನೀರಾವಿ ಮೋಡವಾಗಿ ತಣಿಯುವಾಗ ಹೊರಬೀಳುವ ಶಾಖವೇ ಇದರ ಶಕ್ತಿ. ಸುತ್ತಲಿನ ಗಾಳಿ ನಡುವಣ ಕಡಿಮೆ ಒತ್ತಡದ ಪ್ರದೇಶದತ್ತ ನುಗ್ಗುತ್ತದೆ. ಭೂಮಿಯ ಭ್ರಮಣದಿಂದಾಗಿ ಅದು ನೇರವಾಗಿ ಸಾಗದೆ ಸುಳಿಯಾಗಿ ಸುತ್ತುತ್ತದೆ. ಈ ಸುಳಿಗಾಳಿಯ ವೇಗ ಗಂಟೆಗೆ 119 ಕಿಲೋಮೀಟರಿಗೆ ಮುಟ್ಟಿದಾಗ ಅದು ಹರಿಕೇನ್ ಎನಿಸಿಕೊಳ್ಳುತ್ತದೆ.

ಹಿಂದಿನ ಕಾಲದ ನಾವಿಕನಿಗೆ ಮೋಡದ ಬಣ್ಣ, ಅಲೆಗಳ ಏರಿಳಿತ ಹಾಗೂ ವಾಯುಭಾರಮಾಪಕ ಇವಷ್ಟೇ ಮುನ್ಸೂಚನೆಯ ಸಾಧನಗಳಾಗಿದ್ದವು. 1960ರಲ್ಲಿ ಮೊದಲ ಹವಾಮಾನ ಉಪಗ್ರಹ ಕಕ್ಷೆಯನ್ನು ಸೇರಿದ ಮೇಲೆ ಸ್ಥಿತಿ ಕ್ರಮೇಣ ಬದಲಾಯಿತು. ಇಂದು ಅಮೆರಿಕದ ಮಿಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರವು ಚಂಡಮಾರುತದ ಪಥವನ್ನು ಐದು ದಿನ ಮೊದಲೇ ಅಂದಾಜು ಮಾಡುತ್ತದೆ. ಬಿರುಸಾದ ಗಾಳಿ ತಲುಪುವುದಕ್ಕೆ ಸುಮಾರು 48 ಗಂಟೆಗಳ ಮುಂಚೆ 'ಜಾಗರೂಕರಾಗಿರಿ' ಎಂಬ ಸೂಚನೆಯನ್ನೂ 36 ಗಂಟೆಗಳ ಮುಂಚೆ ಗಂಭೀರವಾದ ಎಚ್ಚರಿಕೆಯನ್ನೂ ನೀಡುತ್ತದೆ. ಆದರೆ ವಿವೇಕಿಯಾದ ದೋಣಿಗಾರನು ಆ ಕಡೆಯ ಎಚ್ಚರಿಕೆಗಾಗಿ ಕಾಯುವುದಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಅಲೆಗಳು ಎದ್ದಿರುತ್ತವೆ. ಸುರಕ್ಷಿತ ಸ್ಥಳಗಳು ತುಂಬಿಹೋಗಿರುತ್ತವೆ. ಅಂಗಡಿಗಳಲ್ಲಿ ಹಗ್ಗವೂ ಸಿಕ್ಕುವುದಿಲ್ಲ.

ಸಿದ್ಧತೆಗೆ ತೊಡಗುವ ಮುನ್ನ ಎದುರಾಳಿಯ ಬಲವನ್ನು ಅರಿಯಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡವೂ ಎರಡರಷ್ಟಾಗುತ್ತದೆಂದು ನಾವು ಭಾವಿಸುವುದು ಸಹಜ. ಆದರೆ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗಿಂತ 120 ಕಿಲೋಮೀಟರ್ ವೇಗದ ಗಾಳಿ ನಾಲ್ಕು ಪಟ್ಟು, 180 ಕಿಲೋಮೀಟರ್ ವೇಗದ ಗಾಳಿ ಒಂಬತ್ತು ಪಟ್ಟು ಬಲವಾಗಿ ತಳ್ಳುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ತನಗೆ ಎದುರಾಗಿ ನಿಂತ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು 65 ಕಿಲೋಗ್ರಾಂ ಭಾರದಷ್ಟು ಒತ್ತಡವನ್ನು ಹೇರುತ್ತದೆ. ಇದು ಒಬ್ಬ ವಯಸ್ಕ ಮನುಷ್ಯನ ತೂಕಕ್ಕೆ ಸಮ. ಗಾಳಿಯ ಜೊತೆಗೆ ನೀರೂ ಏರುತ್ತದೆ. ಚಂಡಮಾರುತವು ಸಮುದ್ರದ ನೀರನ್ನು ದಡದತ್ತ ನೂಕಿ ರಾಶಿ ಹಾಕುತ್ತದೆ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಎಂಬ ಹರಿಕೇನ್ ಫ್ಲಾರಿಡಾದ ತೀರವನ್ನು ಅಪ್ಪಳಿಸಿದಾಗ ಬಿಸ್ಕೇನ್ ಕೊಲ್ಲಿಯ ದಡದಲ್ಲಿ ನೀರು ಸುಮಾರು 5 ಮೀಟರ್ ಎತ್ತರಕ್ಕೆ ಏರಿತ್ತು. ಹಡಗುಕಟ್ಟೆಗೆ ಬಿಗಿಯಾಗಿ ಕಟ್ಟಿದ ದೋಣಿಯ ಗತಿ ಇಂಥ ಸಮಯದಲ್ಲಿ ಏನಾದೀತು? ನೀರಿನೊಡನೆ ಮೇಲೇರಲಾಗದೆ ಅದು ಹಗ್ಗವನ್ನು ಹರಿದುಕೊಳ್ಳಬೇಕು, ಇಲ್ಲವೆ ಕಟ್ಟೆಗೆ ಬಡಿದು ಒಡೆಯಬೇಕು.

ಆದ್ದರಿಂದ ದೋಣಿಯನ್ನು ಎಲ್ಲಿಡಬೇಕೆಂಬುದೇ ಮೊದಲ ಪ್ರಶ್ನೆ. ಸಾಧ್ಯವಿದ್ದರೆ ಅದನ್ನು ನೀರಿನಿಂದ ಮೇಲೆತ್ತಿ, ಉಬ್ಬರ ಮುಟ್ಟದ ಎತ್ತರದ ನೆಲದಲ್ಲಿ ನಿಲ್ಲಿಸುವುದು ಒಳ್ಳೆಯದು. ಆದರೆ ಹಾಯಿದೋಣಿಯ ತಳದಲ್ಲಿ ಭಾರವಾದ ಕೀಲು ಇರುವುದರಿಂದ ಅದು ನೆಲದ ಮೇಲೆ ತಾನಾಗಿ ನಿಲ್ಲಲಾರದು. ಸುತ್ತಲೂ ಊರುಗೋಲುಗಳನ್ನು ಕೊಟ್ಟು ನಿಲ್ಲಿಸಬೇಕಾಗುತ್ತದೆ. 2004ರ ಸೆಪ್ಟೆಂಬರಿನಲ್ಲಿ ಇವಾನ್ ಎಂಬ ಹರಿಕೇನ್ ಗ್ರೆನೆಡಾ ದ್ವೀಪವನ್ನು ಹೊಡೆದಾಗ ದಡದಲ್ಲಿ ಸಾಲಾಗಿ ನಿಲ್ಲಿಸಿದ್ದ ಅನೇಕ ದೋಣಿಗಳು ಒಂದರ ಮೇಲೊಂದು ಉರುಳಿದವು. ಈ ಕಾರಣದಿಂದ ಕೆಲವೆಡೆ ನೆಲದಲ್ಲಿ ಹಳ್ಳ ತೋಡಿ ಕೀಲನ್ನು ಅದರೊಳಗೆ ಇಳಿಸುವ, ದೋಣಿಯನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಯುವ, ಎತ್ತರವಾದ ಕೂವೆಮರವನ್ನೇ ಕಳಚಿ ಕೆಳಗಿಡುವ ಪದ್ಧತಿಗಳು ರೂಢಿಗೆ ಬಂದಿವೆ.

ಮೇಲೆತ್ತುವ ಅನುಕೂಲವಿಲ್ಲದವರು ಕಾಂಡ್ಲಾ ಗಿಡಗಳಿಂದ ಸುತ್ತುವರಿದ ಇಕ್ಕಟ್ಟಾದ ಹಿನ್ನೀರನ್ನು ಹುಡುಕುತ್ತಾರೆ. ನೀರಿನೊಳಗೆ ಬೇರುಗಳನ್ನು ಹೆಣೆದುಕೊಂಡು ನಿಂತ ಈ ಗಿಡಗಳು ಅಲೆಗಳ ರಭಸವನ್ನು ತಗ್ಗಿಸುತ್ತವೆ. ಅಲ್ಲಿ ಕೆಸರಿನ ತಳ ಮೃದುವಾಗಿರುತ್ತದೆ. ಅಮೆರಿಕದ ಆಡಳಿತಕ್ಕೆ ಸೇರಿದ ಸೇಂಟ್ ಜಾನ್ ದ್ವೀಪದ ಇಂಥ ಒಂದು ಕೊಲ್ಲಿಗೆ 'ಹರಿಕೇನ್ ಹೋಲ್' ಎಂದೇ ಹೆಸರು. ಅಲ್ಲಿ ಹವಳಗಳಿಗೂ ಕಾಂಡ್ಲಾ ಬೇರುಗಳಿಗೂ ಹಾನಿಯಾಗದಂತೆ ಸಮುದ್ರದ ತಳದಲ್ಲಿ ಸರಪಣಿಗಳನ್ನು ಹಾಸಿ ದೋಣಿಗಳನ್ನು ಕಟ್ಟಲು ವ್ಯವಸ್ಥೆ ಮಾಡಿದ್ದಾರೆ. ಹಿನ್ನೀರಿನಲ್ಲಿ ನಿಲ್ಲಿಸಿದ ದೋಣಿಯನ್ನು ಒಂದೇ ದಿಕ್ಕಿಗೆ ಕಟ್ಟಿದರೆ ಸಾಲದು. ಸುಳಿಗಾಳಿಯ ನಟ್ಟನಡುವೆ 'ಕಣ್ಣು' ಎಂಬ ಪ್ರಶಾಂತವಾದ ಪ್ರದೇಶವಿರುತ್ತದೆ. ಅದು ತಲೆಯ ಮೇಲೆ ಹಾಯುವಾಗ ಗಾಳಿ ತಟ್ಟನೆ ನಿಲ್ಲುತ್ತದೆ, ಆಕಾಶವೂ ತಿಳಿಯಾಗಬಹುದು. ಅಪಾಯ ಕಳೆಯಿತೆಂದು ತಿಳಿಯದವರು ನಿಟ್ಟುಸಿರು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಅದೇ ಗಾಳಿ ವಿರುದ್ಧ ದಿಕ್ಕಿನಿಂದ ಪುನಃ ಅಪ್ಪಳಿಸುತ್ತದೆ. ಆದುದರಿಂದ ಜೇಡವು ತನ್ನ ಬಲೆಯ ನಡುವೆ ಕುಳಿತಂತೆ, ಎಲ್ಲ ದಿಕ್ಕುಗಳಿಗೂ ಹಗ್ಗಗಳನ್ನು ಎಳೆದು ದೋಣಿಯನ್ನು ನಡುವೆ ನಿಲ್ಲಿಸಬೇಕು.

ಲಂಗರು ಹಾಕುವುದರಲ್ಲಿಯೂ ಒಂದು ಲೆಕ್ಕಾಚಾರವಿದೆ. ಹಗ್ಗವು ತಳಕ್ಕೆ ಸಮಾಂತರವಾಗಿ ಎಳೆದಾಗ ಲಂಗರು ಕೆಸರಿನಲ್ಲಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ. ಮೇಲ್ಮುಖವಾಗಿ ಎಳೆದಾಗ ಕಿತ್ತುಬರುತ್ತದೆ. ಆದ್ದರಿಂದ ಹಗ್ಗ ಉದ್ದವಾದಷ್ಟೂ ಹಿಡಿತ ಭದ್ರ. ನೀರಿನ ಆಳಕ್ಕೆ ದೋಣಿಯ ಮುಂತುದಿಯ ಎತ್ತರವನ್ನು ಕೂಡಿಸಿ, ಅದರ ಹತ್ತರಷ್ಟು ಹಗ್ಗವನ್ನು ಬಿಡಬೇಕೆಂಬುದು ಬಿರುಗಾಳಿಗೆ ಅನುಭವಿಗಳು ಹೇಳುವ ಪ್ರಮಾಣ. ನೀರಿನ ಆಳ 3 ಮೀಟರ್, ಮುಂತುದಿಯ ಎತ್ತರ 1 ಮೀಟರ್ ಎಂದಿಟ್ಟುಕೊಳ್ಳೋಣ. 40 ಮೀಟರ್ ಹಗ್ಗ ಸಾಕೆನಿಸುತ್ತದೆ. ಆದರೆ ಚಂಡಮಾರುತದ ಉಬ್ಬರದಿಂದ ನೀರು ಇನ್ನೂ 3 ಮೀಟರ್ ಏರಿದರೆ ಒಟ್ಟು ಎತ್ತರ 7 ಮೀಟರ್ ಆಗುತ್ತದೆ. ಆಗ ಆ 40 ಮೀಟರ್ ಹಗ್ಗವು ಎತ್ತರದ ಆರರಷ್ಟೂ ಇರುವುದಿಲ್ಲ. ಲಂಗರು ಕೀಳಬೇಕಾದರೆ ಇಷ್ಟೇ ಸಾಕು. ಬರಲಿರುವ ನೀರನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡವನು 70 ಮೀಟರ್ ಹಗ್ಗವನ್ನು ಬಿಟ್ಟಿರುತ್ತಾನೆ.

ಹಗ್ಗ ಉದ್ದವಾಗಿದ್ದರೂ ಸವೆತವೆಂಬ ಶತ್ರುವಿದೆ. ಬಹುಪಾಲು ಲಂಗರುಹಗ್ಗಗಳು ನೈಲಾನಿನವು. ನೈಲಾನ್ ರಬ್ಬರಿನಂತೆ ಹಿಗ್ಗಿ ಕುಗ್ಗಿ ಅಲೆಯ ಹೊಡೆತವನ್ನು ತಾಳಿಕೊಳ್ಳುತ್ತದೆ. ಆದರೆ ಹಾಗೆ ಹಿಗ್ಗುವಾಗ ದೋಣಿಯ ಅಂಚಿಗೆ ಉಜ್ಜುತ್ತದೆ. ಎಳೆಗಳು ತಮ್ಮತಮ್ಮಲ್ಲಿಯೇ ತಿಕ್ಕಿ ಬಿಸಿಯಾಗುತ್ತವೆ. ಅಂಗೈಗಳನ್ನು ಒಂದಕ್ಕೊಂದು ರಭಸವಾಗಿ ಉಜ್ಜಿ ನೋಡಿದರೆ ಇದರ ಮರ್ಮ ನಿಮಗೆ ಹೊಳೆಯುತ್ತದೆ. ಸಾವಿರಾರು ಸಲ ಹೀಗೆ ಉಜ್ಜಿದ ಹಗ್ಗ ಎಷ್ಟು ದಪ್ಪವಾಗಿದ್ದರೂ ಕಡೆಗೆ ಹರಿಯುತ್ತದೆ. ಆದುದರಿಂದ ಹಗ್ಗವು ಅಂಚನ್ನು ಮುಟ್ಟುವೆಡೆಗಳಲ್ಲೆಲ್ಲ ತೊಗಲನ್ನಾಗಲಿ ದಪ್ಪ ಬಟ್ಟೆಯನ್ನಾಗಲಿ ಹಲವು ಸುತ್ತು ಸುತ್ತಿ ಹೊಲಿಯುತ್ತಾರೆ. ಒಂದು ಹಗ್ಗ ಹರಿದರೂ ಇನ್ನೊಂದು ಹಿಡಿಯುವಂತೆ ಜೋಡಿ ಹಗ್ಗಗಳನ್ನು ಕಟ್ಟುತ್ತಾರೆ. ದೊಡ್ಡ ದೋಣಿಯ ಅಳಿವು ಉಳಿವು ಗೇಣುದ್ದದ ತೊಗಲಿನ ತುಂಡನ್ನು ಅವಲಂಬಿಸಿರುವುದು ಆಶ್ಚರ್ಯವಲ್ಲವೇ?

ಅನಂತರದ ಕೆಲಸ, ಗಾಳಿಗೆ ಹಿಡಿಸಿಕ್ಕುವ ವಸ್ತುಗಳನ್ನೆಲ್ಲ ತೆಗೆಯುವುದು. ಹಾಯಿದೋಣಿಯ ಜೀವವೇ ಹಾಯಿ. ಚಂಡಮಾರುತದಲ್ಲಿ ಅದೇ ಅದರ ಮೃತ್ಯು. ಹಾಯಿಯನ್ನು ಸುತ್ತಿ ಕಟ್ಟಿದರೆ ಸಾಕೆಂದು ಹಲವರು ಸುಮ್ಮನಾಗುತ್ತಾರೆ. ಪ್ರಚಂಡವಾದ ಗಾಳಿ ಅದರ ಒಂದು ಮೂಲೆಯನ್ನು ಹುಡುಕಿ ಎಬ್ಬಿಸಿ ಕ್ಷಣಮಾತ್ರದಲ್ಲಿ ಬಿಚ್ಚಿಬಿಡುತ್ತದೆ. ಆಗ ಲಂಗರುಗಳು ಎಷ್ಟಿದ್ದರೂ ದೋಣಿ ನಿಲ್ಲದು. ಆದಕಾರಣ ಹಾಯಿಗಳನ್ನು ಪೂರ್ಣವಾಗಿ ಕಳಚಿ ಒಳಗಿಡಬೇಕು. ಬಿಸಿಲಿನ ಮೇಲಾಸರೆ, ಸೌರಫಲಕ, ಗಾಳಿಯಂತ್ರ, ಕಿರುದೋಣಿ ಇವೆಲ್ಲವನ್ನೂ ತೆಗೆಯಬೇಕು. ಬಳಿಕ ಗಾಳಿಕೊಳವೆಗಳನ್ನೂ ಕಿಂಡಿಗಳನ್ನೂ ಮುಚ್ಚಿ, ಮೇಲೆ ಬಿದ್ದ ನೀರು ಹರಿದುಹೋಗುವ ತೂಬುಗಳನ್ನು ಮಾತ್ರ ಕಸವಿಲ್ಲದಂತೆ ತೆರೆದಿಡಬೇಕು. ಒಳಸೇರಿದ ನೀರನ್ನು ಹೊರಹಾಕುವ ಪಂಪಿಗೆ ಬೇಕಾದ ಬ್ಯಾಟರಿಗಳನ್ನು ತುಂಬಿಸಿಡಬೇಕು. ಮುಖ್ಯವಾದ ಕಾಗದಪತ್ರಗಳನ್ನು ದಡಕ್ಕೆ ಒಯ್ಯಬೇಕು.

ತನ್ನ ದೋಣಿಯನ್ನು ಭದ್ರಪಡಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೇ? ಇಲ್ಲ. ಪೋರ್ಟೊ ರಿಕೊಗೆ ಸೇರಿದ ಕುಲೇಬ್ರಾ ದ್ವೀಪದ ಕೊಲ್ಲಿಯೊಂದು ಬಿರುಗಾಳಿಗೆ ಸುರಕ್ಷಿತವಾದ ಆಶ್ರಯವೆಂದು ಪ್ರಸಿದ್ಧವಾಗಿತ್ತು. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಎಂಬ ಹರಿಕೇನ್ ಬರುತ್ತಿರುವುದನ್ನು ತಿಳಿದು ದೋಣಿಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಧಾವಿಸಿ ಒತ್ತೊತ್ತಾಗಿ ನಿಂತವು. ಬಿರುಗಾಳಿ ಹೊಡೆದಾಗ ಅವುಗಳಲ್ಲಿ ಅನೇಕ ದೋಣಿಗಳು ನಾಶವಾದವು. 1995ರ ಸೆಪ್ಟೆಂಬರಿನಲ್ಲಿ ಲೂಯಿಸ್ ಎಂಬ ಹರಿಕೇನ್ ಸೇಂಟ್ ಮಾರ್ಟಿನ್ ದ್ವೀಪದ ಸಿಂಪ್ಸನ್ ಬೇ ಹಿನ್ನೀರಿನಲ್ಲಿ ನೂರಾರು ದೋಣಿಗಳನ್ನು ಹಾಳುಮಾಡಿತು. ಕಿಕ್ಕಿರಿದ ಕೊಲ್ಲಿಯಲ್ಲಿ ಒಂದು ದೋಣಿ ಕಟ್ಟು ಕಳಚಿಕೊಂಡರೆ ಸಾಕು, ಅದು ಪಕ್ಕದ ದೋಣಿಯ ಮೇಲೆ ಬೀಳುತ್ತದೆ. ಅದರ ಭಾರದಿಂದ ಎರಡನೆಯದೂ ಕಿತ್ತು ಮೂರನೆಯದರ ಮೇಲೆ ಬೀಳುತ್ತದೆ. ಒಬ್ಬನ ಅಲಕ್ಷ್ಯಕ್ಕೆ ಎಚ್ಚರದಿಂದಿದ್ದ ಹತ್ತು ಮಂದಿ ಬೆಲೆ ತೆರಬೇಕಾಗುತ್ತದೆ. ಆದ್ದರಿಂದಲೇ ಅನುಭವಿಯಾದ ದೋಣಿಗಾರನು ತನ್ನ ಕೆಲಸ ಮುಗಿದೊಡನೆ ನೆರೆಯವನ ಹಗ್ಗವನ್ನೂ ಪರೀಕ್ಷಿಸುತ್ತಾನೆ. ಯಜಮಾನನಿಲ್ಲದ ದೋಣಿಯ ಹಾಯಿಯನ್ನೂ ಇಳಿಸಿಡುತ್ತಾನೆ. ಇದು ಪರೋಪಕಾರವೂ ಹೌದು, ಆತ್ಮರಕ್ಷಣೆಯೂ ಹೌದು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ: ದೋಣಿಯನ್ನು ಬಿಟ್ಟು ಹೊರಡುವುದು. ಎಷ್ಟೋ ಜನರಿಗೆ ಆ ದೋಣಿಯೇ ಮನೆ; ಜೀವಮಾನದ ಉಳಿತಾಯವೆಲ್ಲ ಅದರಲ್ಲಿರುತ್ತದೆ. ತಾನು ಅದರೊಳಗೇ ಇದ್ದರೆ ಸವೆದ ಹಗ್ಗವನ್ನು ಬದಲಾಯಿಸಬಹುದು, ದೋಣಿಯನ್ನು ಉಳಿಸಿಕೊಳ್ಳಬಹುದು ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಆದರೆ ಹರಿಕೇನಿನ ಗಾಳಿಯಲ್ಲಿ ಮನುಷ್ಯನು ದೋಣಿಯ ಮೇಲೆ ನೆಟ್ಟಗೆ ನಿಲ್ಲಲಾರ. ಮಳೆಹನಿಗಳು ಹರಳುಗಳಂತೆ ಮುಖಕ್ಕೆ ಬಡಿಯುವುದರಿಂದ ಕಣ್ಣು ತೆರೆಯಲಾರ. ಬಿಗಿದ ಹಗ್ಗವನ್ನು ಕೈಯಿಂದ ಸಡಿಲಿಸಲಾರ. ದೋಣಿಯಲ್ಲಿ ಉಳಿದು ಪ್ರಾಣ ಕಳೆದುಕೊಂಡವರು ಹಲವರಿದ್ದಾರೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಎಂಬ ಭೀಕರವಾದ ಹರಿಕೇನ್ ವರ್ಜಿನ್ ದ್ವೀಪಗಳ ಮೇಲೆ ಹಾದುಹೋದಾಗ ಚೆನ್ನಾಗಿ ಕಟ್ಟಿದ್ದ ದೋಣಿಗಳೂ ದಡದ ಮೇಲೆ ರಾಶಿಯಾಗಿ ಬಿದ್ದವು. ಮನುಷ್ಯನ ಸಿದ್ಧತೆಗೂ ಒಂದು ಮಿತಿಯಿದೆ. ಒಡೆದ ದೋಣಿಯನ್ನು ಮರಳಿ ಕಟ್ಟಬಹುದು. ಹೋದ ಜೀವವನ್ನು ತರಲಾಗದು. ಮಾಡಬೇಕಾದುದನ್ನೆಲ್ಲ ಸಕಾಲದಲ್ಲಿ ಮಾಡಿ, ಆಮೇಲೆ ಕೈಬಿಟ್ಟು ದಡ ಸೇರುವುದು ಹೇಡಿತನವಲ್ಲ; ಅದು ವಿವೇಕ.

ಈ ಪಾಠ ದೂರದ ದ್ವೀಪಗಳಿಗಷ್ಟೇ ಸಂಬಂಧಿಸಿದ್ದಲ್ಲ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಗೆ ಸಮೀಪವಾಗಿ ಸಾಗಿ ಗುಜರಾತಿನ ತೀರವನ್ನು ಹೊಕ್ಕಿತು. ಬಿರುಗಾಳಿಯ ಸೂಚನೆ ಬಂದಾಗ ಭಾರತದ ಬಂದರುಗಳಲ್ಲಿ ಅಪಾಯದ ಮಟ್ಟವನ್ನು ತಿಳಿಸುವ ಸಂಕೇತಗಳನ್ನು ಏರಿಸುತ್ತಾರೆ. ಮೀನುಗಾರರು ಕಡಲಿಗಿಳಿಯಬಾರದೆಂದು ಸಾರುತ್ತಾರೆ. ಆ ಸಂಕೇತವನ್ನು ಕಂಡೊಡನೆ ದೋಣಿಯನ್ನು ದಡಕ್ಕೆಳೆದು ಕಟ್ಟುವ ಬೆಸ್ತನೂ, ಕೆರಿಬಿಯನ್ ಕೊಲ್ಲಿಯಲ್ಲಿ ಹಾಯಿ ಬಿಚ್ಚಿಡುವ ನಾವಿಕನೂ ಒಂದೇ ಜ್ಞಾನದ ವಾರಸುದಾರರು. ಗಾಳಿಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ಗಾಳಿ ಬರುವ ಮುಂಚಿನ ಶಾಂತವಾದ ದಿನಗಳು ಅವನ ಕೈಯಲ್ಲಿವೆ. ಅವುಗಳನ್ನು ಹೇಗೆ ಬಳಸಿಕೊಂಡನೆಂಬುದರ ಮೇಲೆ ಅವನ ಅಳಿವು ಉಳಿವು ನಿಂತಿದೆ.